ಕೆಂಪು ಕಾರಿನ ಗಾಜಿನ ಮೇಲೆ ಬರೆದದ್ದನ್ನು ಅಳಿಸದಿರುವ ಬಗ್ಗೆ

ಇಂದ:
ಶೆಡ್ಡಿನ ಮಾಲೀಕಳು ಹಾಗೂ ಸಂಘದ ಚಹಾ ವಿಭಾಗದ ಏಕೈಕ ಸಿಬ್ಬಂದಿ,
ಅಡುಗೆಮನೆ (ಶೆಡ್ಡಿನ ಎದುರು).

ಗೆ:
ಮಾನ್ಯ ಅಧ್ಯಕ್ಷರು, ಹಳೆಯ ಕಾರುಗಳ ಗೆಳೆಯರ ಸಂಘ,
ಶೆಡ್ಡು (ಅಡುಗೆಮನೆಯ ಎದುರು).

ವಿಷಯ: ಎರಡು ಸೀಟಿನ ಕೆಂಪು ಕಾರಿನ ಮುಂದಿನ ಗಾಜಿನ ಮೇಲೆ ಒಮ್ಮೆ ಬರೆದ ‘ಸರಿ’ಯನ್ನು ಮತ್ತೆ ಅಳಿಸದಿರುವ ಬಗ್ಗೆ.

ಉಲ್ಲೇಖ: (ಅ) ಕಳೆದ ಭಾನುವಾರ ತಮ್ಮ ಅಂಗಿಯ ತೋಳಿನಿಂದ ನಡೆದ ಅಳಿಸುವಿಕೆ.
(ಆ) ಅದಕ್ಕೆ ನನ್ನ ಅಕ್ಕ ಸ್ಥಳದಲ್ಲಿಯೇ ಮೌಖಿಕವಾಗಿ ಸಲ್ಲಿಸಿದ ಆಕ್ಷೇಪಣೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನು ನಾನು ಬಾಯಿಮಾತಿನಲ್ಲಿಯೇ ಹೇಳಿ ಮುಗಿಸಬಹುದಿತ್ತು. ಹಲವು ಬಾರಿ ಹೇಳಿಯೂ ಇದ್ದೇನೆ. ಆದರೆ ಬಾನೆಟ್ಟಿನ ಕೆಳಗೆ ತಲೆ ಹಾಕಿದವರಿಗೆ ‘ಚಹಾ’ ಎಂಬ ಒಂದು ಮಾತನ್ನು ಬಿಟ್ಟು ಬೇರೇನೂ ಕೇಳಿಸುವುದಿಲ್ಲವೆಂಬುದು ಅನುಭವದಿಂದ ತಿಳಿದುಬಂದಿದೆ. ಕಾರಣ, ಈ ಲಿಖಿತ ಅರ್ಜಿ.

೧. ಸದರಿ ಕಾರು ನನ್ನ ಅಕ್ಕನದು. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. “ಏಳು ಜನರ ಮನೆಗೆ ಎರಡೇ ಸೀಟಿನ ಕಾರು ಯಾಕೆ ತಂದೆ?” ಎಂದು ಅಪ್ಪ ಕೇಳಿದಾಗ, “ಅದಕ್ಕೇ ತಂದೆ” ಎಂದವಳು ಅವಳು. ವಯಸ್ಸಾದ ಮೇಲೆ ನನ್ನ ಮನೆಯಲ್ಲಿ ಬಂದಿರಲು ಒಪ್ಪಿದಾಗ ಅವಳು ಹಾಕಿದ ಏಕೈಕ ಷರತ್ತು, ಕಾರೂ ಬರಬೇಕೆಂಬುದು. ಬಂತು. ಲಾರಿಯ ಮೇಲೆ, ಸೀಟಿನೊಳಗೆ ಮನೆ ಮಾಡಿದ್ದ ಇಲಿಗಳ ಸಮೇತ.

೨. ಆ ದಿನಗಳಲ್ಲಿ ಒಂದು ಬೆಳಗ್ಗೆ ತಾವು ನಮ್ಮ ಬೀದಿಯಲ್ಲಿ ವಾಕಿಂಗ್ ಹೋಗುತ್ತಿದ್ದವರು, ಟಾರ್ಪಾಲಿನ ಅಂಚಿನಿಂದ ಇಣುಕುತ್ತಿದ್ದ ಹೆಡ್‌ಲೈಟನ್ನು ಕಂಡು ಗೇಟಿನಲ್ಲೇ ನಿಂತುಬಿಟ್ಟಿರಿ.

“ಮಾರಾಟಕ್ಕಿದೆಯಾ ಅಮ್ಮಾ?”

“ಇಲ್ಲಪ್ಪ.”

“ಹಾಗಾದ್ರೆ ಒಂದ್ಸಲ ಮುಟ್ಟಬಹುದಾ?”

ಮುಟ್ಟಿದಿರಿ. ಮುಂದಿನ ಭಾನುವಾರ ತಮ್ಮ ದಂತ ಚಿಕಿತ್ಸಾಲಯದ ಸಣ್ಣ ಸಣ್ಣ ಕೊಕ್ಕೆಗಳ ಪೆಟ್ಟಿಗೆಯೊಂದಿಗೆ ಬಂದು ಕಾರ್ಬ್ಯುರೇಟರಿನ ರಂಧ್ರಗಳನ್ನು ಕೆರೆದಿರಿ. “ಬಾಯಿ ತೆಗೀರಿ” ಎಂದು ಅದಕ್ಕೂ ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿಸಿಕೊಂಡಿದ್ದೇನೆ. ಅದರ ಮುಂದಿನ ಭಾನುವಾರ ಸಂಘವೇ ಬಂತು.

೩. ಸಂಘದ ಸದಸ್ಯರು ಸಲ್ಲಿಸಿದ, ಆದರೆ ಸಂಘದ ಯಾವ ಸಭೆಯಲ್ಲೂ ಪ್ರಸ್ತಾಪವಾಗದ ಕೆಲವು ಸೇವೆಗಳನ್ನು ಇಲ್ಲಿ ದಾಖಲಿಸಬೇಕಾಗಿದೆ. ಸೀಟು ಹೊಲಿದ ದರ್ಜಿಯಮ್ಮ, ಅಕ್ಕ ಎಡಕ್ಕೆ ವಾಲಿ ಕೂರುವುದನ್ನು ಯಾರೂ ಹೇಳದೆಯೇ ಗಮನಿಸಿ, ಎಡಬದಿಗೆ ಒಂದು ಪದರ ಹೆಚ್ಚು ಸ್ಪಂಜು ಇಟ್ಟಿದ್ದಾರೆ; ಅದೂ ಎರಡು ಸೀಟಿಗೂ. ದೂರವಾಣಿ ಇಲಾಖೆಯಿಂದ ನಿವೃತ್ತರಾಗಿ ವೈರಿಂಗ್ ನೋಡಿಕೊಳ್ಳುವ ಟೆಲಿಫೋನ್ ಮಾವ, ಉಳಿದ ವೈರಿನಲ್ಲಿ ನನ್ನ ಬಚ್ಚಲುಮನೆಗೆ ಕರೆಗಂಟೆ ಎಳೆದುಕೊಟ್ಟಿದ್ದಾರೆ, ಜಾರಿಬಿದ್ದರೆ ಇರಲಿ ಎಂದು. ಪೇಂಟರು ಕಾರಿಗೆ ಮೂರು ಸಲ ಕೆಂಪು ಬಳಿದು ಮೂರು ಸಲವೂ “ಇದಲ್ಲ” ಎಂದು ಉಜ್ಜಿ ತೆಗೆದವರು. ಆದರೆ ನನ್ನ ಕಣ್ಣಿಗೆ ಕಾಣದ ಶೆಡ್ಡಿನ ಮೆಟ್ಟಿಲಿನ ಅಂಚಿಗೆ ಮೊದಲ ದಿನವೇ ಬಿಳಿ ಪಟ್ಟಿ ಎಳೆದಿದ್ದರು. ಯಾರೂ ಅದನ್ನು ಹೇಳಿಕೊಳ್ಳಲಿಲ್ಲ. ಆದ್ದರಿಂದ ನಾನೂ ಸುಮ್ಮನೆ ಬಿಸ್ಕತ್ತು ಹೆಚ್ಚಿಗೆ ಇಟ್ಟೆ.

೪. ಸಂಘದ ನಿಯಮದ ಪ್ರಕಾರ, ತಂತಮ್ಮ ಪಾಲಿನ ಕೆಲಸ ಮುಗಿಸಿದವರು ಮುಂದಿನ ಗಾಜಿನ ಮೇಲೆ ಸೀಮೆಸುಣ್ಣದಿಂದ ‘ಸರಿ’ ಎಂದು ಬರೆಯತಕ್ಕದ್ದು. ನಾಲ್ವರ ‘ಸರಿ’ಯೂ ಏಕಕಾಲಕ್ಕೆ ಗಾಜಿನ ಮೇಲಿದ್ದರೆ ಮಾತ್ರ ಕಾರು ಶೆಡ್ಡಿನಿಂದ ಹೊರಗೆ. ನಿಯಮ ಉತ್ತಮವಾದದ್ದೇ. ಆದರೆ ಬೇಸಿಗೆಯಿಂದೀಚೆಗೆ ಮೂರು ‘ಸರಿ’ ಬಂದ ಕೂಡಲೇ ಒಂದು ಮಾಯವಾಗುತ್ತಿದೆ. ಒಮ್ಮೆ ಹಾರ್ನಿನ ಶ್ರುತಿ ಸರಿಯಿಲ್ಲವೆಂದು ಟೆಲಿಫೋನ್ ಮಾವ ಒರೆಸಿದರು. ಒಮ್ಮೆ ಬಾಗಿಲಿನ ಕೆಂಪಿಗೂ ಬಾನೆಟ್ಟಿನ ಕೆಂಪಿಗೂ ಹೊಂದಾಣಿಕೆಯಿಲ್ಲವೆಂದು ಪೇಂಟರು ಒರೆಸಿದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಎರಡೂ ಕೆಂಪಗೇ ಇದ್ದವು.

೫. ಕಳೆದ ಭಾನುವಾರ ನಾಲ್ಕೂ ಬಂದವು. ಸುದ್ದಿ ತಿಳಿದ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಬಂದಳು. ಸದರಿ ಕಾರು ನೆಲಕ್ಕೆ ಅಷ್ಟು ಹತ್ತಿರವಾದ್ದರಿಂದ ಅದಕ್ಕೆ ಹತ್ತುವುದೆಂಬುದಿಲ್ಲ, ಇಳಿಯುವುದೇ. ಮೂವರು ಹಿಡಿದು ಅವಳನ್ನು ಇಳಿಸಿದರು. ಇಂಜಿನ್ ಚಾಲೂ ಆಯಿತು. ಆಗ ತಾವು ಬಾನೆಟ್ಟಿಗೆ ಕಿವಿಯಿಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿದ್ದು, ತೋಳಿನಿಂದ ತಮ್ಮ ‘ಸರಿ’ಯನ್ನು ಒರೆಸಿಬಿಟ್ಟಿರಿ.

“ಕಾರ್ಬ್ಯುರೇಟರ್ ಸ್ವಲ್ಪ ಕೆಮ್ತಾ ಇದೆ ದೊಡ್ಡಮ್ಮ. ಬಿಚ್ಚಿ ನೋಡ್ಬೇಕು.”

“ನಾನೂ ಕೆಮ್ತೀನಿ,” ಎಂದಳು ಅಕ್ಕ. “ನನ್ನನ್ನೂ ಬಿಚ್ಚಿ ಇಡ್ತೀರೇನಪ್ಪಾ?”

ಎಲ್ಲರೂ ನಕ್ಕಿರಿ. ಅಕ್ಕನೂ ನಕ್ಕಳು. ಅವಳನ್ನು ಮೇಲೆತ್ತಲು ಮತ್ತೆ ಮೂವರು ಬೇಕಾಯಿತು. ಮನೆಯೊಳಗೆ ಬಂದ ಮೇಲೂ ಅವಳು ಸ್ಕಾರ್ಫು ಬಿಚ್ಚಲಿಲ್ಲ. ಊಟಕ್ಕೂ ಹಾಗೇ ಕೂತಳು.

೬. ಅಂದು ಲೋಟ ತೊಳೆಯಲು ನೆರವಾದ ದರ್ಜಿಯಮ್ಮನನ್ನು ನಾನು ಕೇಳಿದೆ: “ನಿಜಕ್ಕೂ ಕೆಮ್ಮಿತೇನಮ್ಮಾ ಅದು?”

ಆಕೆ ನಲ್ಲಿಯನ್ನು ಸ್ವಲ್ಪ ಜೋರಾಗಿ ಬಿಟ್ಟುಕೊಂಡರು. “ಎಲ್ಲಿ ಕೆಮ್ಮಿತು ಅಮ್ಮಾ! ಕಾರು ಹೊರಟ್ರೆ ನಾವೂ ಹೊರಡ್ಬೇಕಲ್ಲ. ಡಾಕ್ಟ್ರ ಮನೇಲಿ ಭಾನುವಾರ ಮಾತಾಡೋಕೆ ಗೋಡೆ ಬಿಟ್ರೆ ಯಾರಿದ್ದಾರೆ? ಟೆಲಿಫೋನ್ ಮಾವನಿಗಂತೂ ಒಂದು ಫೋನೂ ಬರಲ್ಲ. ನಾನೇನು ಸಾಚಾನಾ? ಹಿಂದಿನ ತಿಂಗಳು ಒಂದು ಹೊಲಿಗೆ ನಾನೇ ಬಿಚ್ಚಿಟ್ಟೆ.”

ಇದನ್ನು ದೂರಾಗಿ ಬರೆಯುತ್ತಿಲ್ಲ. ಭಾನುವಾರ ಬೆಳಗ್ಗೆ ಗೇಟಿನ ಸದ್ದಾಗುವವರೆಗೆ ನಾನು ಕೂಡ ಒಲೆ ಹಚ್ಚದೆ ಕಾಯುತ್ತಿರುತ್ತೇನೆ.

೭. ಆದರೆ ತಮಗೆ ತಿಳಿಯದ ಒಂದು ಸಂಗತಿಯಿದೆ. ಅಕ್ಕನ ಎಡಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಬರುವ ವಾರ ನಿಗದಿಯಾಗಿದೆ. ಅದಾದ ಬಳಿಕ ತಗ್ಗಿನ ಆಸನದಲ್ಲಿ ಕೂರಲೇಕೂಡದೆಂದು ಶಸ್ತ್ರವೈದ್ಯರು ಹೇಳಿದ್ದಾರೆ. “ಎಷ್ಟು ದಿನ?” ಎಂದು ಅಕ್ಕ ಕೇಳಿದಳು. “ನಿಮ್ಮ ವಯಸ್ಸಿಗೆ, ಕೂರದಿದ್ರೇನೇ ಒಳ್ಳೇದು” ಎಂದರು. ದಾರಿಯಲ್ಲಿ ಬರುವಾಗ, ಇದನ್ನು ಶೆಡ್ಡಿನಲ್ಲಿ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. “ಪಾಪ ಅಂತ ಗಡಿಬಿಡೀಲಿ ಬೋಲ್ಟು ಬಿಗೀತಾರೆ ಕಣೇ. ಅವರಾಗೇ ಸರಿ ಅನ್ನಲಿ.” ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಬರೆಯುವುದಿಲ್ಲವೆಂದು ಕೊಟ್ಟಿಲ್ಲ.

ಆದಕಾರಣ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಕ) ಇಂದೇ ತಮ್ಮ ‘ಸರಿ’ಯನ್ನು ಗಾಜಿನ ಮೇಲೆ ಪುನಃ ಬರೆಯಬೇಕಾಗಿಯೂ, ಬರೆದ ಬಳಿಕ ತೋಳುಗಳನ್ನು ಮಡಚಿಕೊಳ್ಳಬೇಕಾಗಿಯೂ,

(ಖ) ಕಾರನ್ನು ರಸ್ತೆಗೆ ಒಯ್ಯದೆ, ಹಿಂಬದಿಯ ಮುಚ್ಚಿದ ಗೋದಾಮಿನ ಅಂಗಳದಲ್ಲಿ ಓಡಿಸಲು ಅನುಮತಿ ನೀಡಬೇಕಾಗಿಯೂ (ಅಲ್ಲಿ ಡಿಕ್ಕಿ ಹೊಡೆಯಲು ಏನೂ ಇಲ್ಲವೆಂದು ನಾನೇ ಹೋಗಿ ನೋಡಿ ಬಂದಿದ್ದೇನೆ),

(ಗ) ಕಾರನ್ನು ಅಕ್ಕನೇ ಓಡಿಸಲು ಒಪ್ಪಿಗೆ ಕೊಡಬೇಕಾಗಿಯೂ ಬೇಡಿಕೊಳ್ಳುತ್ತೇನೆ.

(ಗ)ಗೆ ಸಂಬಂಧಿಸಿದಂತೆ ಸಂಘದ ಗಮನಕ್ಕೆ: ಎಡಸೊಂಟ ನೋಯುವ ಕಾರಣ ಅಕ್ಕ ಕ್ಲಚ್ಚು ಒತ್ತದೆಯೇ ಗೇರು ಬದಲಿಸುವಳು. ಸೊಂಟ ನೆಟ್ಟಗಿದ್ದ ಕಾಲದಲ್ಲಿಯೂ ಒತ್ತುತ್ತಿರಲಿಲ್ಲ. ಆದ್ದರಿಂದ ಅಂಗಳವನ್ನು ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಗೇರ್‌ಬಾಕ್ಸು ಪುಡಿಯಾಗುವುದರಲ್ಲಿ ಸಂದೇಹವಿಲ್ಲ. ಈ ಮಾದರಿಯ ಗೇರ್‌ಬಾಕ್ಸಿನ ಬಿಡಿಭಾಗಗಳು ಎಲ್ಲಿಯೂ ಸಿಗುವುದಿಲ್ಲವೆಂದು ತಾವೇ ಅನೇಕ ಬಾರಿ ನಿಟ್ಟುಸಿರಿಟ್ಟಿದ್ದೀರಿ. ಕಾರಣ, ಸಂಘಕ್ಕೆ ಮುಂದಿನ ಎಷ್ಟೋ ಭಾನುವಾರಗಳ ಕೆಲಸಕ್ಕೆ ಕೊರತೆಯಿರುವುದಿಲ್ಲ. ಚಹಾ ವಿಭಾಗವು ಯಥಾಪ್ರಕಾರ ಕಾರ್ಯನಿರ್ವಹಿಸುವುದು.

ಇಷ್ಟೆಲ್ಲ ಆದಮೇಲೂ ತಮ್ಮ ವಿಶ್ವಾಸಿ,
(ಸಹಿ)
ಕಾರಿನ ಮಾಲೀಕಳ ತಂಗಿ

ಲಗತ್ತುಗಳು:
೧. ಶಸ್ತ್ರವೈದ್ಯರು ಕೊಟ್ಟ ಸೂಚನೆಗಳ ಪ್ರತಿ.
೨. ಹೊಸ ಸೀಮೆಸುಣ್ಣ, ಒಂದು ತುಂಡು.
೩. ಒರೆಸುವ ಬಟ್ಟೆ: ಲಗತ್ತಿಸಿಲ್ಲ.

ವಿಶೇಷ ಸೂಚನೆ: ತಾವು ಇದನ್ನು ಓದುತ್ತಿರುವಾಗ ಅಕ್ಕ ಸ್ಟೀರಿಂಗಿನ ಮುಂದೆ ಕೂತಿದ್ದಾಳೆ. ಇಳಿಸಿದವರು ಸಂಘದ ಉಳಿದ ಮೂವರು ಸದಸ್ಯರು. ಕೀಲಿಯೂ ಅವಳ ಬಳಿಯೇ ಇದೆ. ಪಕ್ಕದ ಸೀಟನ್ನು ತಮಗಾಗಿಯೇ ಖಾಲಿ ಬಿಡಲಾಗಿದೆ. ಆದ್ದರಿಂದ ಬರೆದು ಕೂರುವುದಾದರೆ ಬೇಗ ಕೂರಬೇಕಾಗಿ, ಇಲ್ಲವಾದಲ್ಲಿ ದಯವಿಟ್ಟು ಶೆಡ್ಡಿನ ಬಾಗಿಲಿಗೆ ಅಡ್ಡ ನಿಲ್ಲಬಾರದಾಗಿ ವಿನಂತಿ.