ಹೆವಿ ಮೆಟಲ್ಲೂ ಹುರುಳಿಕಾಯಿ ಪಲ್ಯವೂ

ವಯಸ್ಸಾದವರು ಯಾವ ಯಾವ ಸದ್ದು ಕೇಳಬಹುದು ಎಂಬುದನ್ನು ಲೋಕ ಮೊದಲೇ ತೀರ್ಮಾನಿಸಿಟ್ಟಿದೆ. ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ಕುಕ್ಕರಿನ ಸೀಟಿ, ಸಂಜೆ ಹಳೆಯ ಸಿನಿಮಾ ಹಾಡು, ಉಳಿದ ಹೊತ್ತಿಗೆ ಗೋಡೆ ಗಡಿಯಾರ. ಇದು ನಮ್ಮ ಪಾಲಿನ ರೇಷನ್ನು. ಇದರಾಚೆ ಕೈಚಾಚಿದರೆ ಮಕ್ಕಳು ಮೊದಲು ಕಿವಿ ಡಾಕ್ಟರಿಗೂ ಆಮೇಲೆ ತಲೆ ಡಾಕ್ಟರಿಗೂ ತೋರಿಸೋಣವೇ ಎಂದು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಎಪ್ಪತ್ತು ದಾಟಿದ ನಾನು ಈ ರೇಷನ್ ಕಾರ್ಡನ್ನು ಎಂದೋ ಹರಿದು ಹಾಕಿದ್ದೇನೆ. ನಾನು ಹೆವಿ ಮೆಟಲ್ ವಿಮರ್ಶಕಿ. ಅದರಲ್ಲೂ ದೊಡ್ಡ ಕಂಪನಿಗಳು ಹೊರತರುವ ಸರಕಲ್ಲ, ನಾಲ್ಕು ಜನ ಯಾವುದೋ ನೆಲಮಾಳಿಗೆಯಲ್ಲಿ ಸೇರಿ, ತಾವೇ ನುಡಿಸಿ, ತಾವೇ ಮುದ್ರಿಸಿ, ತಮ್ಮಂಥ ನಾಲ್ಕು ಜನಕ್ಕೆ ಹಂಚುವ ಮೆಟಲ್. ಅದರೊಳಗೂ ನನಗೆ ಥ್ರ್ಯಾಶ್ ಎಂದರೆ ಪ್ರಾಣ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಥ್ರ್ಯಾಶ್ ಎಂದರೆ ಹೆವಿ ಮೆಟಲ್ಲಿನ ಅವಸರದ ತಂಗಿ. ಯಾವಾಗಲೂ ಸಿಟ್ಟು, ಯಾವಾಗಲೂ ಓಟ, ಆದರೆ ಒಂದು ಹೆಜ್ಜೆಯೂ ತಪ್ಪುವುದಿಲ್ಲ.

ನನ್ನನ್ನು ಯಾರೂ ಕೆಡಿಸಲಿಲ್ಲ. ನಾನು ದೆಹಲಿಯ ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದವಳು. ಹೊರಗಿನವರು ಆ ಕೋಣೆ ನಿಶ್ಶಬ್ದವಾಗಿರುತ್ತದೆ ಎಂದುಕೊಂಡಿದ್ದಾರೆ. ಅಲ್ಲಿ ಸುತ್ತಿಗೆ ಉಂಟು, ಗರಗಸ ಉಂಟು, ಡ್ರಿಲ್ ಉಂಟು. ಬಡಗಿಯ ಅಂಗಡಿಗೂ ಅದಕ್ಕೂ ಇರುವ ವ್ಯತ್ಯಾಸ ಡೆಟಾಲ್ ವಾಸನೆಯೊಂದೇ. ಅಲ್ಲಿಗೆ ಬಂದ ಒಬ್ಬ ಹೊಸ ಸರ್ಜನ್ ಕೆಲಸದ ಹೊತ್ತಿಗೆ ಥ್ರ್ಯಾಶ್ ಹಾಕುತ್ತಿದ್ದ. ಮೊದಲ ದಿನ ನಾನು, "ಡಾಕ್ಟ್ರೇ, ಇದು ಥಿಯೇಟರ್, ಮದುವೆ ಮೆರವಣಿಗೆ ಅಲ್ಲ" ಎಂದೆ. ಅವನು ಮಾಸ್ಕಿನೊಳಗಿಂದಲೇ, "ಸಿಸ್ಟರ್, ಇವತ್ತೊಂದು ದಿನ" ಎಂದ. ಆ ದಿನ ನನ್ನ ಕೈಯಿಂದ ಅವನ ಕೈಗೆ ಉಪಕರಣಗಳು ಹೋದ ರೀತಿ ನೋಡಿ ನನಗೇ ಆಶ್ಚರ್ಯ. ಅವನು ಕೇಳುವುದಕ್ಕೂ ನಾನು ಕೊಡುವುದಕ್ಕೂ ನಡುವೆ ಗಾಳಿ ಹೋಗಲೂ ಜಾಗವಿರಲಿಲ್ಲ. ಶಿಸ್ತಿಗೊಂದು ಸದ್ದಿದ್ದರೆ ಅದು ಹೀಗೇ ಇರುತ್ತದೆ ಎಂದು ಆವತ್ತೇ ತಿಳಿಯಿತು. ನಮ್ಮ ಚರ್ಚಿನ ಕ್ವಾಯರಿನಲ್ಲಿ ಹಾಡುವ ಗೆಳತಿಯೊಬ್ಬಳು, "ಸಲೋಮಿ, ಅದು ಸೈತಾನನ ಸಂಗೀತ ಕಣೇ" ಎಂದು ಈಗಲೂ ಗದರುತ್ತಾಳೆ. ಸೈತಾನನಿಗೆ ಇಷ್ಟು ಶಿಸ್ತಿದ್ದಿದ್ದರೆ ಅವನು ಸ್ವರ್ಗದಿಂದ ಬೀಳುತ್ತಲೇ ಇರಲಿಲ್ಲ ಎಂಬುದು ನನ್ನ ಉತ್ತರ.

ನಿವೃತ್ತಿಯಾದ ಮೇಲೆ ದೆಹಲಿ ಪಕ್ಕದ ಇಂದಿರಾಪುರಂನ ಈ ಒಂಬತ್ತನೆಯ ಮಹಡಿಯಲ್ಲಿ ನನ್ನ ದಿನಚರಿ ಬದಲಾಗಲಿಲ್ಲ. ಬೆಳಕು ಹರಿಯುವ ಮೊದಲು ಏಳುವುದು, ಹಾಸಿಗೆ ಮೂಲೆ ಮಡಿಸುವುದು, ನಡಿಗೆ, ತಿಂಡಿ, ಆಮೇಲೆ ಹೊಸ ಆಲ್ಬಮ್. ಮೊದಲ ಸಲ ನೆಟ್ಟಗೆ ಕೂತು ಕೇಳುತ್ತೇನೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕೇಳುತ್ತೇನೆ. ಮೂರನೆಯ ಸಲ ಹುರುಳಿಕಾಯಿ ಹೆಚ್ಚುತ್ತಾ ಕೇಳುತ್ತೇನೆ. ಇದು ನಾನೇ ಕಂಡುಹಿಡಿದ ಪರೀಕ್ಷೆ. ಡ್ರಮ್ಮಿನ ತಾಳಕ್ಕೆ ಚಾಕು ಬಿಡುತ್ತಾ ಹೋದರೆ, ವಾದ್ಯದವರು ಎಲ್ಲಿ ಎಡವಿದರೋ ಅಲ್ಲಿ ಕಾಯಿ ಉದ್ದವಾಗುತ್ತದೆ, ಎಲ್ಲಿ ಗಾಬರಿಯಾದರೋ ಅಲ್ಲಿ ಪುಡಿಯಾಗುತ್ತದೆ. ತಟ್ಟೆ ನೋಡಿದರೆ ಇಡೀ ಆಲ್ಬಮ್ಮಿನ ಎಕ್ಸ್-ರೇ ಸಿಗುತ್ತದೆ. ನಮ್ಮ ಯಜಮಾನರು ಊಟಕ್ಕೆ ಕೂತಾಗ, "ಇವತ್ತಿನ ಪಲ್ಯ ಯಾವ ಬ್ಯಾಂಡಿನದು?" ಎಂದು ಕೇಳುತ್ತಾರೆ. ಮೇಲಿನ ಮನೆಯ ಚಡ್ಢಾ ಆಂಟಿ ಮಾತ್ರ ಇಂಟರ್‌ಕಾಮಿನಲ್ಲಿ, "ಸಿಸ್ಟರ್‌ಜೀ, ಮನೆಯಲ್ಲಿ ರಿಪೇರಿ ಇನ್ನೂ ಮುಗಿದಿಲ್ವಾ?" ಎಂದು ಹಿಂದಿಯಲ್ಲಿ ವಿಚಾರಿಸುತ್ತಾರೆ. ಹೆಡ್‌ಫೋನ್ ಹಾಕಿಕೊಳ್ಳಬಾರದೇ ಎಂದು ನೀವೂ ಕೇಳಬಹುದು. ಅವರ ಮನೆಯ ದೇವಿ ಜಾಗರಣೆಗೆ ರಾತ್ರಿಯಿಡೀ ಲೌಡ್‌ಸ್ಪೀಕರ್ ಹಾಕಿದಾಗ ದೇವಿಗೆ ಹೆಡ್‌ಫೋನ್ ಕೊಡಿ ಎಂದು ನಾನು ಹೇಳಿದ್ದೆನೇ?

ನನ್ನ ವಿಮರ್ಶೆಗಳು ಬರುವುದು ನಮ್ಮ ಕನ್ನಡ ಕೂಟದ ಮಾಸಪತ್ರಿಕೆಯಲ್ಲಿ. ಅದರ ಸಂಪಾದಕರು ಐತಾಳರು, ಬಹಳ ಸಾಧು ಮನುಷ್ಯ. ಆ ಪತ್ರಿಕೆಯಲ್ಲೊಂದು ಸಂಪ್ರದಾಯವಿದೆ. ಯಾರೇ ಹಾಡಲಿ, ಕುಣಿಯಲಿ, ವಿಮರ್ಶೆ "ನೆರೆದವರ ಮನ ಸೂರೆಗೊಂಡಿತು" ಎಂದೇ ಮುಗಿಯಬೇಕು. ಮುಂದಿನ ಸಲ ಸಭಾಂಗಣದಲ್ಲಿ ಮುಖ ನೋಡಬೇಕಲ್ಲ! ನಾನು ಅಂಕಣ ಒಪ್ಪಿಕೊಂಡಾಗಲೇ, "ಐತಾಳರೇ, ನಾನು ಯಾರ ಮನವನ್ನೂ ಸೂರೆಗೊಳ್ಳುವುದಿಲ್ಲ" ಎಂದು ಹೇಳಿದ್ದೆ. ಬೇರೆ ಊರುಗಳ ಬ್ಯಾಂಡುಗಳನ್ನು ಬೈಯುತ್ತಿದ್ದಷ್ಟು ಕಾಲ ಅವರಿಗೇನೂ ತೊಂದರೆಯಾಗಲಿಲ್ಲ. ಗೋಳು ಶುರುವಾದದ್ದು ದೆಹಲಿಯದೇ ಪೀತಮ್‌ಪುರಾದ ಶೆಟ್ಟರ ಮಗಳ ಬ್ಯಾಂಡಿನ ಆಲ್ಬಮ್ ನನ್ನ ಮೇಜಿಗೆ ಬಂದಾಗ.

ಶೆಟ್ಟರು ಅಲ್ಲಿ ಹೋಟೆಲ್ ನಡೆಸುತ್ತಾರೆ. ಕೂಟದ ಎಲ್ಲ ಸಮಾರಂಭಗಳ ಊಟವೂ ಅವರದೇ. ಮಗಳು ದೀಕ್ಷಾ ಥ್ರ್ಯಾಶ್ ಬ್ಯಾಂಡೊಂದರಲ್ಲಿ ಡ್ರಮ್ ಬಾರಿಸುತ್ತಾಳೆ. ನಾನು ಆಲ್ಬಮ್ಮನ್ನು ಮೂರು ಸಲವೂ ಕೇಳಿದೆ. ತಟ್ಟೆ ನೋಡಿದರೆ ಹುರುಳಿಕಾಯಿ ಚೂರುಗಳು ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಒಂದಾದರೂ ಹೆಚ್ಚುಕಮ್ಮಿ ಇಲ್ಲ. ಇಷ್ಟು ವರ್ಷದಲ್ಲಿ ಅಂಥ ಪಲ್ಯ ನಾನು ಹೆಚ್ಚಿರಲಿಲ್ಲ. ಸಂತೋಷಪಡುವುದು ಬಿಟ್ಟು ನನಗೆ ಸಂಶಯ ಬಂತು. ಆ ವೇಗದಲ್ಲಿ ಮನುಷ್ಯಮಾತ್ರದವರು ಒಮ್ಮೆಯಾದರೂ ತಡವರಿಸಬೇಕು. ಈಗಿನ ಕಾಲದಲ್ಲಿ ಕಂಪ್ಯೂಟರಿಗೆ ಹೇಳಿದರೆ ಅದೇ ಡ್ರಮ್ ಬಾರಿಸಿಕೊಡುತ್ತದೆ. ಸರಿ, ಬರೆದೆ: "ಈ ಡ್ರಮ್ ಹಿಂದೆ ಕೈಯಿಲ್ಲ, ಯಂತ್ರವಿದೆ. ಥ್ರ್ಯಾಶ್‌ನಲ್ಲಿ ಇದಕ್ಕಿಂತ ದೊಡ್ಡ ಮೋಸವಿಲ್ಲ. ಸಾಲದ್ದಕ್ಕೆ ಮೂರನೆಯ ಹಾಡು ಅನಗತ್ಯವಾಗಿ ಉದ್ದ."

ಐತಾಳರು ಫೋನಿನಲ್ಲಿ ಅಳುವುದೊಂದು ಬಾಕಿ. "ಸಿಸ್ಟರ್, 'ಯಂತ್ರದಷ್ಟು ಚೆನ್ನಾಗಿ ಬಾರಿಸಿದ್ದಾರೆ' ಅಂತ ಮಾಡಲಾ? ರಾಜ್ಯೋತ್ಸವದ ಊಟ ಅವರದ್ದೇ ಅಲ್ವಾ!" ಎಂದರು. "ಊಟ ಚೆನ್ನಾಗಿದ್ದರೆ ಊಟದ ಬಗ್ಗೆ ಬರೆಯೋಣ. ಒಂದಕ್ಷರ ಮುಟ್ಟಿದರೆ ಅಂಕಣ ನಿಲ್ಲಿಸುತ್ತೇನೆ" ಎಂದೆ. ಮುಟ್ಟಲಿಲ್ಲ.

ಪತ್ರಿಕೆ ಮನೆಮನೆಗೆ ತಲುಪಿದ ಎರಡೇ ದಿನಕ್ಕೆ ಶೆಟ್ಟರ ಫೋನು ಬಂತು. ಜಗಳಕ್ಕೆ ಸಿದ್ಧಳಾಗಿಯೇ ಎತ್ತಿದೆ. ಆದರೆ ಅವರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ. "ಸಿಸ್ಟರ್, ನೀವು ಬರ್ದದ್ದು ಒಳ್ಳೇದಾಯ್ತು ಮಾರಾಯ್ರೆ. ದಿನಾ ಪ್ರಾಕ್ಟೀಸ್ ಪ್ರಾಕ್ಟೀಸ್ ಅಂತ ಲಕ್ಷ್ಮೀ ನಗರಕ್ಕೆ ಓಡ್ತಾಳೆ. ಕಂಪ್ಯೂಟರೇ ಬಾರಿಸುದಾದ್ರೆ ಇವಳು ಅಲ್ಲಿ ಎಂತ ಮಾಡುದು? ಆ ಡ್ರಮ್ಮನ್ನು ಈ ಭಾನುವಾರವೇ ಮಾರಿ ಬಿಡ್ತೇನೆ" ಎಂದರು. ಹಿಂದಿನಿಂದ ಫೋನು ಕಸಿದ ಸದ್ದು. "ಆಂಟಿ, ನಂಗೆ ಕನ್ನಡ ಪಢ್‌ನಾ ಬರಲ್ಲ, ಪಪ್ಪ ಜೋರಾಗಿ ಓದಿದ್ರು, ಪೂರಾ ಹೋಟೆಲ್ ಸುನ್ ರಹಾ ಥಾ. ನೀವು ಬಂದು ನೋಡಿ. ಕಂಪ್ಯೂಟರ್ ಎಲ್ಲಿದೆ ದಿಖಾವೋ. ಇಲ್ಲಾಂದ್ರೆ ಸಾರಿ ಬರೀರಿ. ಬಸ್!" ಅದು ದೀಕ್ಷಾ, ಅರ್ಧ ಕನ್ನಡ ಅರ್ಧ ಹಿಂದಿ. ನನಗೆ ಹಾಗೆ ಹುಕುಂ ಮಾಡಿದವರು ಥಿಯೇಟರಿನ ಸರ್ಜನ್ನರು ಬಿಟ್ಟರೆ ಇವಳೇ. "ಬರುತ್ತೇನೆ. ಹುರುಳಿಕಾಯಿ ತರುತ್ತೇನೆ" ಎಂದೆ. ವಿಳಾಸ ಬರೆದುಕೊಂಡೆ.

ಶನಿವಾರ ಯಜಮಾನರನ್ನೂ ಎಬ್ಬಿಸಿಕೊಂಡು ಮೆಟ್ರೋ ಹತ್ತಿದೆ. ಮೆಟ್ರೋದಲ್ಲಿ ಚಾಕು ಬಿಡುವುದಿಲ್ಲವಾದ್ದರಿಂದ ಅದನ್ನೂ ಮಣೆ, ತಟ್ಟೆಯನ್ನೂ ಶೆಟ್ಟರೇ ತಂದಿದ್ದರು. ಲಕ್ಷ್ಮೀ ನಗರದ ಒಂದು ಕೋಚಿಂಗ್ ಸೆಂಟರಿನ ಕೆಳಗೆ, ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದ ನೆಲಮಾಳಿಗೆ. ಗಿಟಾರಿನವರು ಮೂವರು ಉದ್ದ ಕೂದಲಿನ ಸಭ್ಯ ಹುಡುಗರು, ಬಗ್ಗಿ ಕಾಲು ಮುಟ್ಟಿದರು. ನಾನು ಆಪರೇಷನ್ನಿಗೆ ಮೊದಲು ಥಿಯೇಟರ್ ಪರೀಕ್ಷಿಸುವಂತೆ ಡ್ರಮ್ಮಿನ ಹಿಂದೆ, ಕೆಳಗೆ, ಒಳಗೆ ನೋಡಿದೆ. ಒಂದು ವೈರೂ ಇಲ್ಲ. ಕುರ್ಚಿ ಎಳೆದು, ಮಡಿಲಿಗೆ ಮಣೆ ಇಟ್ಟುಕೊಂಡು, "ಹೂಂ, ಶುರು ಮಾಡು" ಎಂದೆ.

ಮಾಡಿದಳು ನೋಡಿ! ಐದಡಿಯೂ ಇಲ್ಲದ ಹುಡುಗಿ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕೈಕಾಲು ಮಾತ್ರ ಕಾಣುತ್ತಿರಲಿಲ್ಲ. ಮೊದಲ ಹಾಡು ಮುಗಿದಾಗ ತಟ್ಟೆ ನೋಡಿದೆ: ಅದೇ ಅಚ್ಚಿನ ಚೂರುಗಳು. ಎರಡನೆಯದೂ ಹಾಗೇ. ಮೂರನೆಯದರ ಹೊತ್ತಿಗೆ ತಟ್ಟೆ ನೋಡುವುದೇ ಮರೆತುಹೋಯಿತು. ಆಲ್ಬಮ್ ಪೂರ್ತಿ ಮುಗಿಸಿ ಅವಳು ಕೋಲುಗಳನ್ನು ಜೋಡಿಸಿಟ್ಟಳು, ಎರಡರ ತುದಿಯೂ ಒಂದೇ ಕಡೆಗೆ.

"ಇಷ್ಟು ಅಚ್ಚುಕಟ್ಟು ಹೇಗೆ ಬಂತು?" ಎಂದೆ.

"ಕೈಸೇ ಕ್ಯಾ, ಆಂಟಿ? ದಿನಾ ಬೆಳಿಗ್ಗೆ ಹೋಟೆಲ್ ಓಪನ್ ಆಗೋಕೆ ಮುಂಚೆ ರಬ್ಬರ್ ಪ್ಯಾಡ್ ಮೇಲೆ ಬಾರಿಸ್ತೀನಿ. ದೀವಾಳಿನೂ ಛುಟ್ಟಿ ಇಲ್ಲ. ಒಂದಿನ ಬಿಟ್ರೆ ಕೈ ಭೂಲ್ ಜಾತಾ ಹೈ."

ಒಂದು ದಿನ ಬಿಟ್ಟರೆ ಕೈ ಮರೆಯುತ್ತದೆ. ಇದೇ ಮಾತನ್ನು ನಾನು ವಿದ್ಯಾರ್ಥಿ ನರ್ಸುಗಳಿಗೆ ಎಷ್ಟು ವರ್ಷ ಹೇಳಿರಬಹುದು! ಮೂಲೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಯಜಮಾನರು ಆ ಹತ್ತಿ ತೆಗೆದು, "ಇಷ್ಟು ಸರಿಯಾಗಿ ಮನುಷ್ಯರು ಇರೋಕಾಗಲ್ಲ ಅಂತ ನೀನು ಬರೆದೆಯಲ್ಲ ಸಲೋಮಿ, ನನಗೆ ಆವತ್ತೇ ನಗು ಬಂದಿತ್ತು. ಮದುವೆಯಾದ ಹೊಸದರಲ್ಲಿ ನಿನ್ನ ಬಗ್ಗೆ ನನಗೂ ಇದೇ ಅನುಮಾನ ಇತ್ತು" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಶೆಟ್ಟರು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಡ್ರಮ್ಮಿನ ಅಂಚನ್ನು ಹೆಗಲ ಟವಲಿನಿಂದ ಒರೆಸತೊಡಗಿದರು. ಮಾರುವ ಸಾಮಾನನ್ನು ಯಾರೂ ಹಾಗೆ ಒರೆಸುವುದಿಲ್ಲ.

"ಸಾರಿ ಬರೀತೀರಾ?" ದೀಕ್ಷಾ ಬಿಡಲಿಲ್ಲ.

"ತಪ್ಪು ಅಂತ ಬರೆಯುತ್ತೇನೆ. ಸಾರಿ ಅನ್ನುವುದು ಕಾಲು ತುಳಿದಾಗ ಹೇಳುವ ಮಾತು."

ಮನೆ ತಲುಪಿದ ಕೂಡಲೇ, ಚಪ್ಪಲಿ ಬಿಟ್ಟು ಕೈ ತೊಳೆದು, ಬರೆದು ಕಳಿಸಿದೆ: "ಡ್ರಮ್ ಹಿಂದೆ ಇರುವುದು ಕೈಯೇ, ಕಳೆದ ಸಂಚಿಕೆಯಲ್ಲಿ ಯಂತ್ರ ಎಂದದ್ದು ವಿಮರ್ಶಕಿಯ ತಪ್ಪು. ಇಷ್ಟು ಕರಾರುವಾಕ್ಕಾದ ಕೈಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೆ ಮೂರನೆಯ ಹಾಡು ಉದ್ದ ಎಂಬ ಮಾತಿಗೆ ನಾನು ಬದ್ಧಳು." ಐತಾಳರು ತಕ್ಷಣ ಫೋನು ಮಾಡಿ, "ಅದೊಂದು ಕೊನೆಯ ಸಾಲು ತೆಗೆದುಬಿಡೋಣ ಸಿಸ್ಟರ್, ಎಲ್ಲ ಸಿಹಿಯಾಗಿ ಮುಗೀತದೆ" ಎಂದು ಗೋಗರೆದರು. ಇವತ್ತು ಊಟಕ್ಕೆ ಹೆದರಿ ಒಂದು ಸಾಲು ತೆಗೆದರೆ ನಾಳೆ ನೆರೆದವರ ಮನ ಸೂರೆಗೊಳ್ಳಲು ಹೊರಡಬೇಕಾಗುತ್ತದೆ. ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಬರೆದದ್ದು ಬರೆದ ಹಾಗೇ ಮುಂದಿನ ಸಂಚಿಕೆಯ ಕಡತ ಸೇರಿತು.

ಅಂದೇ ಸಂಜೆ, ಲಕ್ಷ್ಮೀ ನಗರದಲ್ಲಿ ಹೆಚ್ಚಿ ಡಬ್ಬಿಯಲ್ಲಿ ತಂದಿದ್ದ ಕಾಯಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಕನ್ನಡಕ ಹಾಕಿಕೊಳ್ಳದೆ ಡಬ್ಬಿಯನ್ನು ಹಾಗೇ ಬಾಣಲೆಗೆ ಸುರಿದದ್ದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಅದನ್ನು ಸುಸ್ತಿನ ಲೆಕ್ಕಕ್ಕೆ ಹಾಕಿ. ಯಜಮಾನರು ಎರಡು ತುತ್ತು ಮೆಚ್ಚಿ ತಿಂದರು. ಮೂರನೆಯ ತುತ್ತಿಗೆ ಕೈ ತಡೆಯಿತು. ತಟ್ಟೆಯೊಳಗಿಂದ ತೊಟ್ಟೂ ಮುರಿಯದ, ಚಾಕುವೇ ತಾಗದ, ಬೆರಳುದ್ದದ ಹುರುಳಿಕಾಯಿಯೊಂದನ್ನು ಎತ್ತಿ ಹಿಡಿದರು. ಅದರ ಕೆಳಗೆ ಇನ್ನೂ ನಾಲ್ಕೈದು ಹಾಗೇ ಇದ್ದವು.

"ಇದ್ಯಾವ ಹಾಡೇ?" ಎಂದರು.

ನಾನು ಅವರ ತಟ್ಟೆಗೆ ಸಾರು ಬಡಿಸಿದೆ. "ಮೂರನೆಯದು," ಎಂದೆ. "ಉದ್ದ ಅಂತ ಹೇಳಲಿಲ್ವಾ? ಸುಮ್ಮನೆ ಊಟ ಮಾಡಿ."