ತಿಳಿನೀಲಿ ದ್ರಾವಣವೂ ರಂಗಪ್ಪನ ಕುಡುಗೋಲೂ

ನೋಡಿದ ಮಾತ್ರಕ್ಕೆ ವಸ್ತು ಎಂಥದೆಂದು ಹೇಳಿಬಿಡುವ ದುರಭ್ಯಾಸ ನನಗಿದೆ. ತಪ್ಪು ನನ್ನದಲ್ಲ, ಕಸುಬಿನದು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದಷ್ಟು ಕಾಲವೂ ಹುಡುಗರಿಗೆ ಒಂದೊಂದು ಚಿಟಿಕೆ ಲವಣ ಕೊಟ್ಟು, ‘ಮೊದಲು ಬಣ್ಣ, ಸ್ಥಿತಿ, ವಾಸನೆ ಬರೆಯಿರಿ’ ಎನ್ನುತ್ತಿದ್ದೆ. ನಿವೃತ್ತನಾದ ಮೇಲೂ ಆ ಚಾಳಿ ಬಿಡಲಿಲ್ಲ. ಲೋಟದಲ್ಲಿ ತಿಳಿಸಾರು ಕೊಟ್ಟರೂ ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ. ನನ್ನ ಹೆಂಡತಿ ಶಾರದೆ ಆ ಲೋಟವನ್ನು ಒಮ್ಮೆ ಕಿತ್ತುಕೊಂಡು ಹೋದದ್ದೂ ಉಂಟು.

ಹಾನುಬಾಳಿನ ಹತ್ತಿರ ಶಾರದೆಗೆ ತವರಿನಿಂದ ಬಂದ ಚೂರು ಕಾಫಿ ತೋಟವಿದೆ. ಅದರಲ್ಲಿ ಅವಳೇ ನೆಟ್ಟು ಬೆಳೆಸಿದ ಮೆಣಸಿನ ಬಳ್ಳಿಗಳು. ಹೋದ ಮಳೆಗಾಲದಲ್ಲಿ ರೋಗ ಬಂದು ಅರ್ಧ ಬಳ್ಳಿ ಸತ್ತಾಗ ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಸಲ ಮಳೆಗೆ ಮೊದಲೇ ಬೋರ್ಡೋ ಹೊಡೆಯಬೇಕಿತ್ತು. ಅಂದರೆ ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸಿದ ಔಷಧಿ. ಬೆರೆಸುವುದು ಇಪ್ಪತ್ತು ವರ್ಷದಿಂದ ತೋಟದ ಆಳು ರಂಗಪ್ಪನ ಕೆಲಸ. ‘ಇದು ನನ್ನ ಸಬ್ಜೆಕ್ಟು’ ಎಂದು ನಾನು ಮುಂದೆ ನುಗ್ಗಿದೆ. ಸ್ಟೋರಿನಲ್ಲಿದ್ದ ಹಳೇ ಸುಣ್ಣ ನೋಡಿದೆ. ಬಿಳಿ, ಪುಡಿ, ವಾಸನೆಯಿಲ್ಲ. ಪಾಸು ಮಾಡಿದೆ.

“ಸಾರ್, ಈ ಸುಣ್ಣ ಸತ್ತೋಗೈತೆ. ನೀರು ಹಾಕಿದ್ರೂ ಕುದೀಲಿಲ್ಲ ನೋಡಿ,” ಅಂದ ರಂಗಪ್ಪ.

“ಸುಣ್ಣ ಸಾಯೋದು ಅಂದ್ರೇನಯ್ಯ?” ಎಂದು ನಕ್ಕು ಮೈಲುತುತ್ತದ ನೀರಿದ್ದ ಡ್ರಮ್ಮಿಗೆ ಸುರಿದೆ. ಚೆಂದದ ತಿಳಿನೀಲಿ, ಒಂದು ಗಂಟೂ ಇಲ್ಲ. “ಹೊಡಿ,” ಎಂದೆ.

ಅವನು ಪಂಪು ಮುಟ್ಟಲಿಲ್ಲ. ಸೊಂಟದ ಕುಡುಗೋಲು ತೆಗೆದು, ಕಲ್ಲಿಗೆ ಉಜ್ಜಿ, ದ್ರಾವಣದಲ್ಲಿ ಅದ್ದಿ ಹಿಡಿದ. ಹೊರಗೆ ತೆಗೆದರೆ ಅಲಗಿನ ತುಂಬ ಕೆಂಪು.

“ಇದ್ನ ಹೊಡೆದ್ರೆ ಎಲೆ ಸುಟ್ಟೋಯ್ತವೆ ಅಮ್ಮಾರೇ,” ಅಂದ. ಹೇಳಿದ್ದು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ಶಾರದೆಗೆ. ಉಳಿದ ಬಳ್ಳಿಗಳನ್ನು ರೋಗ ಮುಟ್ಟುವ ಮೊದಲೇ ನಾನು ಮುಗಿಸುತ್ತಿದ್ದೆ.

ಹೊಸ ಸುಣ್ಣ ತರಿಸಿದೆವು. ನೀರು ಬಿದ್ದೊಡನೆ ಅದು ಕೊತಕೊತ ಕುದಿಯಿತು. ಈ ಸಲ ಅದ್ದಿದ ಕುಡುಗೋಲು ಹೇಗಿತ್ತೋ ಹಾಗೇ ಬಂತು.

“ಇದ್ನ ಕಾಲೇಜಲ್ಲಿ ಹೇಳ್ಕೊಡಕಿಲ್ವಾ ಸಾರ್?” ರಂಗಪ್ಪ, ಪಾಪ, ನಿಜವಾಗಿಯೇ ಕೇಳಿದ.

ಹೇಳಿಕೊಡದೆ ಏನು! ಮೈಲುತುತ್ತದ ನೀರಿನಲ್ಲಿ ಕಬ್ಬಿಣ ಅದ್ದಿದರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ; ಒಳ್ಳೆ ಸುಣ್ಣ ಸಾಕಷ್ಟು ಬೆರೆತಿದ್ದರೆ ಕೂರುವುದಿಲ್ಲ. ಪ್ರತಿ ವರ್ಷ ಸಮೀಕರಣ ಸಮೇತ ಬರೆಸಿ, ಪರೀಕ್ಷೆಯಲ್ಲೂ ಕೇಳುತ್ತಿದ್ದೆ. ತಪ್ಪು ಬರೆದವರನ್ನು ಎದ್ದು ನಿಲ್ಲಿಸುತ್ತಿದ್ದೆ.

“ಮೂವತ್ತು ವರ್ಷ ಹೇಳ್ಕೊಟ್ಟಿದ್ದೀನಿ ಕಣಪ್ಪ,” ಎಂದೆ.

“ಯಾರಿಗೆ?” ಎಂದಳು ಶಾರದೆ. ಅವಳು ನಗುತ್ತಿರಲಿಲ್ಲ.

ನಾನು ರಂಗಪ್ಪನ ಬೆನ್ನಿಗೆ ಪಂಪು ಏರಿಸಲು ಕೈ ಕೊಟ್ಟೆ.