ಮೂರು ಬಗೆಯ ಸಿಗಡಿ, ಒಂದು ಬಾವಿ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಮೊದಲ ಸಲಕ್ಕೆ ನೆಟ್ಟಗೆ ನಡೆದ ನೆನಪು ನನಗಿಲ್ಲ. ಆದುದರಿಂದ ಸಿಗಡಿಗಳ ವಿಷಯದಲ್ಲಿ ಆಶ್ಚರ್ಯವಾಗಲಿಲ್ಲ. ದಣಿವು ಮಾತ್ರ ಆಯಿತು.

ನಮ್ಮ ಯಜಮಾನರು ಜಮಖಂಡಿಯ ಕೋರ್ಟಿನಲ್ಲಿ ದುಡಿದು ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಶಸ್ತ್ರಚಿಕಿತ್ಸೆ ಆಗದೆಂದು ವೈದ್ಯರು ಹೇಳಿದ ಮೇಲೆ ಪತ್ರಿಕೆ ಬಿಟ್ಟರು, ತಿರುಗಾಟ ಬಿಟ್ಟರು, ಕೊನೆಗೆ ಮಾತನ್ನೂ ಬಿಟ್ಟು ಕುರ್ಚಿ ಹಿಡಿದರು. ನೋಡುವ ಆಸೆಯಿಂದಾದರೂ ಎದ್ದಾರೆಂದು ನಾನು ಗಾಜಿನ ತೊಟ್ಟಿಯೊಂದನ್ನು ತರಿಸಿ, ಅಂಗಳದ ಬಾವಿಯ ನೀರು ತುಂಬಿಸಿದೆ.

"ಮೀನ ಮಾತ್ರ ಬ್ಯಾಡ," ಎಂದರು. "ಸಾಕ್ಷಿದಾರರಂಗ ಬಾಯಿ ತೆರೀತಾವ, ಮುಚ್ಚತಾವ. ಏನೂ ಹೇಳಂಗಿಲ್ಲ."

ಹಾಗಾಗಿ ಸಿಗಡಿ. ಯಾವ ಸಿಗಡಿ ಎಂಬುದೇ ಪ್ರಶ್ನೆ.

೧. ಕಾಣದ ಸಿಗಡಿ

ಪೇಟೆಯ ಅಂಗಡಿಯವನು ನೀರು ತುಂಬಿದ ಚೀಲವೊಂದನ್ನು ಬೆಳಕಿಗೆ ಹಿಡಿದ. ಗಾಜು ಸಿಗಡಿಯಂತೆ, ಗಟ್ಟಿ ಪ್ರಾಣಿಯಂತೆ, ಹೊಸಬರಿಗೆ ಸುಲಭವಂತೆ.

"ಎಲ್ಲಿವೆ?" ಎಂದೆ.

"ಅದ ನೋಡ್ರಿ ಬಾಯಾರ ಇದರ ಛಂದ! ಇದ್ದೂ ಇಲ್ಲದಂಗ ಇರತಾವ."

ಹತ್ತನ್ನು ತಂದೆ. ಯಜಮಾನರು ಎಂಟು ದಿನ ತೊಟ್ಟಿಯ ಮುಂದೆ ಕುಳಿತರು. ತಲ್ಲೀನರಾಗಿದ್ದಾರೆಂದು ನಾನು ಸಮಾಧಾನಪಟ್ಟೆ. ಒಂಬತ್ತನೆಯ ದಿನ ಕೇಳಿದರು:

"ಸಿಗಡಿ ಯಾವಾಗ ತರತಿ?"

೨. ದುಡಿಯುವ ಸಿಗಡಿ

ಅವನ್ನು ಅಂಗಡಿಗೆ ಮರಳಿಸಿದೆ. ಎರಡನೆಯ ಸಲ ಅಂಗಡಿಯವನು ಅಮಾನೋ ಎಂಬ ಜಾತಿಯನ್ನು ಕೊಟ್ಟ. ಬೆರಳುದ್ದ, ತೊಟ್ಟಿಯ ಪಾಚಿ ತಿನ್ನುವುದೇ ಅದರ ಉದ್ಯೋಗ. ಪಾಚಿಯನ್ನು ನಾನು ಶ್ರದ್ಧೆಯಿಂದ ಬೆಳೆಸಿದೆ.

ದೀಪಾವಳಿಗೆ ಎರಡು ದಿನ ಮೊದಲು ನಮ್ಮ ಕೆಲಸದಾಕೆ ಬೂದಿಯಿಲ್ಲದೆ, ಸೋಪಿಲ್ಲದೆ, ಬರಿಯ ತೆಂಗಿನ ನಾರಿನಿಂದ ತೊಟ್ಟಿಯ ಒಳಮೈಯನ್ನೆಲ್ಲ ಉಜ್ಜಿ ಹೊಳೆಯಿಸಿದಳು.

"ಯಾರು ಹೇಳಿದರು ನಿನಗೆ?"

"ಹಬ್ಬ ಬಂತಲ್ರಿ ಬಾಯಾರ! ಇಡೀ ಮನಿಗೆ ಸುಣ್ಣ ಹಚ್ಚಿ, ಇದೊಂದು ಹೊಲಸ ಇಟ್ರ ನಾಲ್ಕ ಮಂದಿ ನನಗ ಬೈಯಂಗಿಲ್ಲೇನ್ರಿ?"

ಸಿಗಡಿಗಳು ಒಂದು ದಿನ ಸ್ವಚ್ಛ ಗಾಜಿನ ಮೇಲೆ ಹುಡುಕಾಡಿದವು. ಮರುದಿನ ಬೆಳಿಗ್ಗೆ ತೊಟ್ಟಿಯಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಹಾರಿ ಹೊರಬಿದ್ದಿದ್ದವು. ಅವುಗಳಲ್ಲಿ ಎರಡು, ಹೊಸ್ತಿಲವರೆಗೂ ಹೋಗಿ ಸತ್ತಿದ್ದವು. ಒಂದು ಯಜಮಾನರ ಚಪ್ಪಲಿಯಲ್ಲಿ ಸಿಕ್ಕಿತು.

ವಿಷಯ ತಿಳಿಸಿದಾಗ ಅವರು ತಿಂಗಳಲ್ಲೇ ಅತ್ಯಂತ ಉದ್ದದ ವಾಕ್ಯವನ್ನು ಆಡಿದರು: "ಕೆಲಸ ಹೋದಮ್ಯಾಲ ಸುಮ್ಮನ ಮನ್ಯಾಗ ಕೂಡೂದು ಅವಕ್ಕೂ ಆಗಲಿಲ್ಲ ನೋಡು."

೩. ಕೆಂಪು ಸಿಗಡಿ

ಮೂರನೆಯದು ಚೆರ್ರಿ. ಉಗುರಿನಷ್ಟೇ ಗಾತ್ರ, ಆದರೆ ಕುಂಕುಮದಂಥ ಕೆಂಪು. ನಮ್ಮ ಬಾವಿಯ ಗಡಸು ನೀರು ಅದಕ್ಕೆ ಹಿಡಿಸಿತು, ತಿಂಗಳೆರಡರಲ್ಲಿ ಮರಿಗಳಾದವು. ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿ, "ಏನೋ ಕೆಂಪಗ ಹೊಂಟಂಗ ಆತು," ಎಂದರು. ಗೆದ್ದೆನೆಂದುಕೊಂಡೆ.

ಆಗಲೇ ಮುಧೋಳದಲ್ಲೊಂದು ಮದುವೆ. ಯಜಮಾನರನ್ನೂ ಕರೆದುಕೊಂಡು ಮೂರು ದಿನ ಹೋಗಬೇಕಾಯಿತು. ತೊಟ್ಟಿಯನ್ನು, ನಮ್ಮ ಬಾವಿಯಿಂದಲೇ ನೀರು ಒಯ್ಯುವ ಪಕ್ಕದ ಮನೆಯಾಕೆಗೆ ಒಪ್ಪಿಸಿದೆ. ತೇರದಾಳದ ಜೈನರ ಮಗಳು. ಇರುವೆಯನ್ನೂ ದಾಟಿ ನಡೆಯುವಾಕೆ. ಅವರಲ್ಲಿ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ಬಟ್ಟೆಯಲ್ಲುಳಿದ ಸಣ್ಣ ಜೀವಿಗಳನ್ನು, ನೀರು ಎಲ್ಲಿಯದೋ ಅಲ್ಲಿಗೇ ಮರಳಿ ಬಿಡುತ್ತಾರೆ. ಇವರಿಗಿಂತ ಸುರಕ್ಷಿತರು ಯಾರು?

ಮರಳಿ ಬಂದಾಗ ತೊಟ್ಟಿಯ ನೀರು ತಿಳಿಯಾಗಿತ್ತು. ಬೇರೇನೂ ಇರಲಿಲ್ಲ.

"ನೀರು ಬದಲಿ ಮಾಡಿದ್ನಿ ಬಾಯಾರ," ಎಂದರು ಆಕೆ, ಸಂತೋಷದಿಂದ. "ಸೋಸಿದ್ರ, ಅಯ್ಯ, ಎಷ್ಟ ಜೀವ ಅಂತೀರಿ! ಒಂದನ್ನೂ ಸಾಯಗೊಡಲಿಲ್ಲ. ಎಲ್ಲಾ ಬಾವಿಗೆ ಮುಟ್ಟಿಸಿ ಬಂದೀನಿ."

"ಅವನ್ನು ಅಂಗಡಿಯಿಂದ ತಂದಿದ್ದೆ."

"ನೀರು ಬಾವೀದಲ್ರಿ?"

"ಹೌದು."

"ಅಂದಮ್ಯಾಲ ಜೀವಾನೂ ಬಾವೀದ."

ಕಾನ್ವೆಂಟಿನಲ್ಲಿ ಕಲಿತು, ಜೀವನವಿಡೀ ಶಾಲೆಯಲ್ಲಿ ಕಲಿಸಿದ ನಾನು ತಲೆಯಾಡಿಸಿ ಒಳಗೆ ಬಂದೆ. ಯಜಮಾನರು ಮತ್ತೆ ಕುರ್ಚಿಗೆ ಒರಗಿದರು.

ಮಳೆಗಾಲ ಕಳೆಯಿತು. ಒಂದು ಮುಂಜಾನೆ ಬಾವಿಕಟ್ಟೆಯಿಂದ ಆಕೆಯ ಕೂಗು: "ಬಾಯಾರ! ನಿಮ್ಮವು ಬಂದಾವ್ರೀ!" ಕೊಡದ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಕೆಂಪು ಸಿಗಡಿಗಳು ಪುಟಿಯುತ್ತಿದ್ದವು. ನಾನು ಬಟ್ಟಲು ಹಿಡಿದು ಓಡಿದೆ.

"ಇವು ಬಾವ್ಯಾಗ ಸಿಕ್ಕಾವ," ಎಂದು ಆಕೆ ಬಟ್ಟೆಯನ್ನು ನನ್ನಿಂದ ದೂರ ಸರಿಸಿದರು. "ಬಾವಿಗೇ ಹೋಗಬೇಕ್ರಿ."

"ತಡೀರಿ, ತಡೀರಿ!" ಎಂಬ ದನಿ ಕೇಳಿ ತಿರುಗಿದೆ. ಯಜಮಾನರು ಕೋಲೂ ಇಲ್ಲದೆ, ಗೋಡೆ ಹಿಡಿದು ಅಂಗಳಕ್ಕೆ ಬಂದಿದ್ದರು. ಬಟ್ಟೆಗೆ ಮೂಗು ತಾಗುವಷ್ಟು ಬಾಗಿ, ಒಂದೊಂದಾಗಿ ಬೆರಳಿಟ್ಟು ತೋರಿಸಿದರು. "ಹದಿನಾಲ್ಕು. ಒಂದು ಬಸರಿ ಐತಿ. ಹೂಂ, ಈಗ ಬಿಡ್ರಿ."

ಅಂದಿನಿಂದ ದಿನವೂ ಅದೇ ಕ್ರಮ. ಆಕೆ ಸೋಸುತ್ತಾರೆ, ಇವರು ಬಾಗಿ ನೋಡುತ್ತಾರೆ, ಸಿಗಡಿ ಬಾವಿಗೆ ಮರಳುತ್ತದೆ. ಮತ್ತೆ ಶುರುವಾದ ತಿರುಗಾಟದಿಂದ ಸಕ್ಕರೆಯೂ ಇಳಿದಿದೆ. ಶಸ್ತ್ರಚಿಕಿತ್ಸೆಯ ಮಾತನ್ನು ವೈದ್ಯರು ಮತ್ತೆ ಎತ್ತಿದ್ದಾರೆ.

ಮೊನ್ನೆ ಒಳಗೆ ಬರುವಾಗ ಖಾಲಿ ತೊಟ್ಟಿಗೆ ಯಜಮಾನರ ಮೊಣಕಾಲು ತಾಗಿತು. ಅದನ್ನು ತಡವಿ ನೋಡಿ, ಕೋರ್ಟಿನ ಗಾಂಭೀರ್ಯದಿಂದ ಕೇಳಿದರು:

"ಮನಿ ಮುಂದ ಬಾವಿ ಇರೂವಾಗ, ಈ ಗಾಜಿನ ಡಬ್ಬಿ ಯಾವ ಶಾಣ್ಯಾ ತಂದಿಟ್ಟಾನ ಇಲ್ಲೆ?"